ರುದ್ರೇಗೌಡರ ಕಣದಲ್ಲಿ ಪರಿಸರಸ್ನೇಹಿ ಸರ

ಮಾನ್ಯ ಓದುಗರ ಅವಗಾಹನೆಗೆ ಮೊಟ್ಟಮೊದಲು ತರಬಯಸುವುದೇನೆಂದರೆ, ಪರಿಸರಸ್ನೇಹಿ ಆಭರಣ ಎಂದರೆ ಏನು ಎಂಬ ವಿಷಯದಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ನನಗಿಂತ ಹೆಚ್ಚು ತಿಳಿದವರು ಯಾರೂ ಇರಲಿಲ್ಲ. ಈ ಮಾತನ್ನು ಕಳೆದ ಬೇಸಿಗೆಯವರೆಗೆ ನಾನು ಪೂರ್ಣ ವಿಶ್ವಾಸದಿಂದ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಹೇಳಲು ಬಾಯಿ ತೆರೆದರೆ ನನ್ನ ಹೆಂಡತಿ ಸುಮಿತ್ರ ಎದ್ದು ಹೋಗಿ ಒಲೆಯ ಮೇಲೆ ನೀರು ಕಾಯಲು ಇಡುತ್ತಾಳೆ. ಏಕೆಂಬುದು ಮುಂದೆ ತಿಳಿದುಬರಲಿದೆ.

ನಾನು ಲೇಖಕನಲ್ಲ. ಒಂದು ಕಚೇರಿಯಲ್ಲಿ ಗುಮಾಸ್ತ. ಇದುವರೆಗೆ ನಾನು ಬರೆದಿರುವುದೆಲ್ಲ 'ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ಶುರುವಾಗಿ 'ತಮ್ಮ ವಿಶ್ವಾಸಿ' ಎಂದು ಮುಗಿಯುವಂಥದ್ದು. ಆದ್ದರಿಂದ ಬರವಣಿಗೆಯಲ್ಲಿ ಲೋಪದೋಷಗಳಿದ್ದಲ್ಲಿ ಮನ್ನಿಸಬೇಕು. ನಡತೆಯಲ್ಲಿದ್ದ ಲೋಪದೋಷಗಳನ್ನು ಮನ್ನಿಸಿ ಎಂದು ಕೇಳುವ ಧೈರ್ಯ ನನಗಿಲ್ಲ. ಹುಟ್ಟಿದ್ದು ಕಡೂರು ಕಡೆಯ ತೆಂಗಿನ ಸೀಮೆಯಲ್ಲಿ. ಕಾಫಿಯ ಕುರಿತು ನನ್ನ ಜ್ಞಾನ ಲೋಟದ ಅಂಚಿನಲ್ಲಿ ಆರಂಭವಾಗಿ ಲೋಟದ ತಳದಲ್ಲಿ ಮುಕ್ತಾಯವಾಗುತ್ತದೆ. ಹೆಂಡತಿ ಮಾತ್ರ ಬಾಳೂರಿನ ಕಾಫಿ ತೋಟದ ಮನೆಯವಳು. ಈ ವ್ಯತ್ಯಾಸವನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳತಕ್ಕದ್ದು.

ಸುಮಿತ್ರಳ ಅಣ್ಣ, ಅಂದರೆ ನಾಗೇಶ ಭಾವ, ಬಾಳೂರಿನಲ್ಲಿ ತೋಟ ನೋಡಿಕೊಂಡಿದ್ದಾರೆ. ಅವರ ಮಗಳು ಚೈತ್ರ. ನನ್ನನ್ನು 'ಮಾವ' ಎಂದು ಕರೆಯುವ, ನನ್ನ ಮಾತನ್ನು ಕೊನೆಯವರೆಗೂ ಕೇಳಿಸಿಕೊಳ್ಳುವ ಜಗತ್ತಿನ ಏಕೈಕ ವ್ಯಕ್ತಿ. ಅವಳಿಗೂ ಕಳಸದ ಕಡೆಯ ಪ್ಲಾಂಟರ್ ರುದ್ರೇಗೌಡರ ಮಗ ಸುಹಾಸನಿಗೂ ಮದುವೆಯ ಮಾತುಕತೆ ನಡೆಯಿತು. ಹುಡುಗ ಹುಡುಗಿ ಮೊದಲೇ ಮೆಚ್ಚಿಕೊಂಡವರು. ರುದ್ರೇಗೌಡರು ಹೂಂ ಎನ್ನುವುದೊಂದೇ ಬಾಕಿ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ನಾಗೇಶಣ್ಣ, ನಿಮ್ಮ ತೋಟದಲ್ಲಿ ಬೋರರ್ ಇದ್ಯಾ?"

ನಾಗೇಶ ಭಾವ ಮನೆತನದ ಕಾಯಿಲೆಯೊಂದನ್ನು ಒಪ್ಪಿಕೊಳ್ಳುವವರ ಹಾಗೆ ದನಿ ತಗ್ಗಿಸಿದರು. "ಸ್ವಲ್ಪ ಇದೆ."

"ನಮ್ಮಲ್ಲಿ ಇಲ್ಲ. ಸುತ್ತ ಎಲ್ಲ ತೋಟಕ್ಕೂ ಬಂತು, ನಾನು ಒಳಗೆ ಬಿಟ್ಕೊಳ್ಲಿಲ್ಲ. ಹುಡುಗಿ ಬರ್ಲಿ, ಬಹಳ ಸಂತೋಷ. ನಿಮ್ಮನೆಯಿಂದ ಬೇರೆ ಎಂಥದೂ ನಮ್ಮ ಗೇಟ್ ದಾಟೋದು ಬೇಡ ಮಾರಾಯ್ರೆ. ಒಂದು ಖಾಲಿ ಗೋಣಿಚೀಲನೂ ಬೇಡ. ಅಷ್ಟು ಮಾತು ಕೊಟ್ರೆ ನಂದು ಒಪ್ಪಿಗೆ."

ನಾಗೇಶ ಭಾವ ಮಾತು ಕೊಟ್ಟರು.

ಬೋರರ್ ಎಂದರೆ ಎಳ್ಳುಕಾಳಿಗಿಂತ ಚಿಕ್ಕದಾದ ಒಂದು ಕಪ್ಪು ಹುಳು. ಕಾಫಿ ಕಾಯಿಗೆ ಸೂಜಿಮೊನೆಯಂಥ ತೂತು ಕೊರೆದು, ಒಳಗಿನ ಬೀಜದಲ್ಲಿ ಮಕ್ಕಳು ಮರಿ ಸಮೇತ ಸಂಸಾರ ಹೂಡುತ್ತದೆ. ಚೀಲದಲ್ಲಿ, ಬುಟ್ಟಿಯಲ್ಲಿ ಕುಳಿತು ಒಂದು ತೋಟದಿಂದ ಇನ್ನೊಂದಕ್ಕೆ ಪ್ರಯಾಣ ಬೆಳೆಸುತ್ತದೆ. ಹುಳು ಬಿದ್ದ ಕಾಯಿಯನ್ನು ಕುದಿಯುವ ನೀರಿಗೆ ಅದ್ದದೆ ಬೇರೆ ಗತಿಯಿಲ್ಲ. ಇದೆಲ್ಲ ಈ ಗುಡ್ಡಗಳಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತಿರುವ ಸಂಗತಿ. ನಾನು ಆ ಹೊತ್ತಿಗೆ ಕಡುಬು ತಿನ್ನುವುದರಲ್ಲಿ ನಿರತನಾಗಿದ್ದೆ. ನನ್ನ ಕಿವಿಗೆ ಬಿದ್ದದ್ದು ಇಷ್ಟೇ: ಹುಡುಗಿ ಬರಲಿ, ಬೇರೆ ಎಂಥದೂ ಬೇಡ!

ಎಂಥ ಮಹಾನುಭಾವ! ವರದಕ್ಷಿಣೆಯಿರಲಿ, ಗೋಣಿಚೀಲವನ್ನೂ ಬೇಡವೆನ್ನುವ ಸರಳ ಜೀವಿ! ನನ್ನ ಕಣ್ಣು ತುಂಬಿ ಬಂತು. ಎರಡನೆಯ ಕಡುಬಿಗೆ ಕೈ ಹಾಕಿದೆ.

ಇದಾದ ಸ್ವಲ್ಪ ದಿನಕ್ಕೆ ಕಚೇರಿಯ ಕೆಲಸದ ಮೇಲೆ ಚಿಕ್ಕಮಗಳೂರಿಗೆ ಹೋದವನು, ಬಸ್ಸಿಗೆ ಸಮಯವಿದ್ದುದರಿಂದ ಒಂದು ಸಭಾಂಗಣದೊಳಗೆ ಹೋಗಿ ಕುಳಿತೆ. ಫ್ಯಾನ್ ಇತ್ತು ಎಂಬುದು ಮುಖ್ಯ ಕಾರಣ. ಅಲ್ಲಿ ಒಬ್ಬ ಮಹಿಳೆ ಪರಿಸರಸ್ನೇಹಿ ಆಭರಣದ ಬಗ್ಗೆ ಮಾತನಾಡುತ್ತಿದ್ದರು. ಹೊಸ ಚಿನ್ನಕ್ಕಾಗಿ ಗುಡ್ಡ ಅಗೆಯುತ್ತಾರೆ, ವಿಷದ ನೀರು ಹಳ್ಳಕ್ಕೆ ಬಿಡುತ್ತಾರೆ, ಹೊಳಪಿಗೆ ರಾಸಾಯನಿಕ ಬಳಿಯುತ್ತಾರೆ ಎಂದರು. ಒಡವೆ ಊರಲ್ಲೇ ಸಿಗುವ ವಸ್ತುವಿನದಾಗಿರಬೇಕು, ಸಾಧ್ಯವಾದರೆ ಬಿಸಾಡುವ ವಸ್ತುವಿನದು, ಒಂದು ದಿನ ಮಣ್ಣಿಗೆ ಬಿದ್ದರೆ ಮಣ್ಣಾಗಬೇಕು ಎಂದರು. ಕೊನೆಗೆ, "ಎಲ್ಲಕ್ಕಿಂತ ಒಳ್ಳೆಯದು ಯಾವುದು ಗೊತ್ತಾ?" ಎಂದು ಕೇಳಿದರು. ಅಷ್ಟರಲ್ಲಿ ನನ್ನ ಬಸ್ಸಿನ ಹೊತ್ತಾಯಿತು. ಎದ್ದು ಬಂದೆ. ನನ್ನ ಬದುಕಿನಲ್ಲಿ ಬಿಟ್ಟುಬಂದ ಮಾತುಗಳೇ ನನ್ನನ್ನು ಹೆಚ್ಚು ಕಾಡಿವೆ.

ಮನೆಗೆ ಬಂದವನೇ ಸುಮಿತ್ರಳಿಗೆ ನಿರ್ಣಯ ತಿಳಿಸಿದೆ. "ಚೈತ್ರಳ ನಿಶ್ಚಿತಾರ್ಥಕ್ಕೆ ನಾನೇ ಒಂದು ಸರ ಮಾಡಿಕೊಡುತ್ತೇನೆ. ಪರಿಸರಸ್ನೇಹಿ ಸರ."

"ನಮ್ಮಮ್ಮನ ಅವಲಕ್ಕಿ ಸರ ಅವಳಿಗೇ ಅಂತ ಎತ್ತಿಟ್ಟಿದೀನಲ್ರೀ. ಅಜ್ಜಿ ಹಾಕ್ಕೊಂಡಿದ್ದು, ಅಮ್ಮ ಹಾಕ್ಕೊಂಡಿದ್ದು, ನಾನೂ ಹಾಕ್ಕೊಂಡಿದ್ದು."

"ಅದು ಚಿನ್ನ. ಚಿನ್ನಕ್ಕೆ ಗುಡ್ಡ ಅಗೆಯಬೇಕು."

"ಈಗ ಯಾವ ಗುಡ್ಡ ಅಗೀಬೇಕ್ರೀ? ಬೀರುವಿನ ಬೀಗ ತೆಗೆದ್ರೆ ಸಾಕು!"

ಇಂಥ ಅಜ್ಞಾನಕ್ಕೆ ಉತ್ತರಿಸುವುದು ಸೂಕ್ತವಲ್ಲವೆಂದು ಸುಮ್ಮನಾದೆ. ಚೈತ್ರಳಿಗೆ ಫೋನ್ ಮಾಡಿದೆ. ಪಾಪದ ಹುಡುಗಿ, "ಆಯ್ತು ಮಾವ, ನೀವು ಮಾಡಿದ್ದು ಅಂದ್ರೆ ಹಾಕ್ಕೊಳ್ತೀನಿ" ಎಂದಳು. ಈ ವಾಕ್ಯವನ್ನು ಬರೆಯುವಾಗ ಈಗಲೂ ನನ್ನ ಪೆನ್ನು ತಡೆಯುತ್ತದೆ.

ಕಾಫಿ ನಾಡಿನ ಹುಡುಗಿಗೆ ಕಾಫಿ ಬೀಜದ್ದೇ ಸರ! ಯೋಜನೆ ಮಂಜೂರಾಯಿತು, ಮಂಜೂರು ಮಾಡಿದವನೂ ನಾನೇ. ಆದರೆ ಬೀಜ ಪೋಣಿಸಲು ತೂತು ಬೇಕಲ್ಲ! ಸೂಜಿ ಚುಚ್ಚಿದೆ, ಮುರಿಯಿತು. ಇನ್ನೊಂದು ಚುಚ್ಚಿದೆ, ಬೆರಳಿಗೆ ಹೋಯಿತು. ಯಂತ್ರದಿಂದ ಕೊರೆಯೋಣವೆಂದರೆ ವಿದ್ಯುತ್ ವ್ಯಯ; ತತ್ವಕ್ಕೆ ವಿರುದ್ಧ. ಈ ಚಿಂತೆಯಲ್ಲಿ ಒಂದು ಭಾನುವಾರ ಬಾಳೂರಿಗೆ ಹೋದಾಗ, ನಾಗೇಶ ಭಾವನ ಉಗ್ರಾಣದ ಮೂಲೆಯಲ್ಲಿ ಬಾಯಿ ಬಿಗಿದು ಕಟ್ಟಿದ್ದ ಒಂದು ಚೀಲ ಕಣ್ಣಿಗೆ ಬಿತ್ತು. ಉಳಿದೆಲ್ಲ ಚೀಲಗಳಿಂದ ದೂರ, ಒಂಟಿಯಾಗಿ ಕುಳಿತಿತ್ತು. ಬಿಚ್ಚಿ ನೋಡಿದೆ. ಕೊಯ್ಲು ಮುಗಿದ ಮೇಲೆ ಗಿಡದ ಬುಡದಲ್ಲಿ ಆರಿಸಿದ ಉದುರುಗಾಯಿ. ಒಂದನ್ನು ಸುಲಿದೆ. ನನ್ನ ಕಣ್ಣನ್ನು ನಾನೇ ನಂಬಲಿಲ್ಲ.

ಬೀಜದಲ್ಲಿ ತೂತಿತ್ತು!

ಇನ್ನೊಂದು ಸುಲಿದೆ. ಅದರಲ್ಲೂ ಇತ್ತು! ಗುಂಡಗೆ, ನೀಟಾಗಿ, ಅಕ್ಕಸಾಲಿಗರು ಅಳತೆ ಹಿಡಿದು ಕೊರೆದಂತೆ. ಊರಿನ ವಸ್ತು, ಬಿಸಾಡುವ ವಸ್ತು, ಅದರ ಮೇಲೆ ತೂತು ಉಚಿತ! ಪ್ರಕೃತಿಮಾತೆ ನನ್ನ ಮನವಿಯನ್ನು ಇಷ್ಟು ಶೀಘ್ರವಾಗಿ ಪರಿಗಣಿಸುವಳೆಂದು ನಾನು ಎಣಿಸಿರಲಿಲ್ಲ. ಭಾವನಿಗೂ ಅಚ್ಚರಿಯಾಗಲಿ ಎಂದು ಹೇಳದೆ ಕೇಳದೆ ಒಂದು ಕೈಚೀಲದ ತುಂಬ ತುಂಬಿಕೊಂಡು ಬಂದೆ. ಬೋರರ್ ಎಂಬ ಹೆಸರನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲವೆಂದರೆ ಸುಳ್ಳಾದೀತು. ಗಿಡದ ಕಾಂಡ ಕೊರೆಯುವ ಹುಳು ಎಂದಷ್ಟೇ ತಿಳಿದಿದ್ದೆ. ಕಾಂಡ ಕೊರೆಯುವ ಬಳಗದಲ್ಲಿ ಕಾಯಿ ಕೊರೆಯುವವರು ಬೇರೆ ಇದ್ದಾರೆಂದು ನನಗೆ ಯಾರೂ ಲಿಖಿತವಾಗಿ ತಿಳಿಸಿರಲಿಲ್ಲ.

ಸುಮಿತ್ರ ನೋಡಿದ್ದರೆ ಅಲ್ಲಿಗೇ ಎಲ್ಲವೂ ನಿಲ್ಲುತ್ತಿತ್ತು. ಆದರೆ ನಾನು ಈ ಕೆಲಸವನ್ನು 'ಗೌಪ್ಯ' ಎಂದು ವರ್ಗೀಕರಿಸಿದ್ದೆ. ಸಂಜೆ ಕಚೇರಿ ಮುಗಿದ ಮೇಲೆ ಹಳೆಯ ಕಡತಗಳ ಕೋಣೆಯಲ್ಲಿ ಕುಳಿತು ಕಾಯಿ ಸುಲಿದೆ. ಬಿಸಿಲಿಗೆ ಹಾಕಿದರೆ ಬಣ್ಣ ಕೆಟ್ಟೀತೆಂದು ನೆರಳಿನಲ್ಲೇ ಆರಿಸಿದೆ. ತೂತು ಅರ್ಧದವರೆಗೆ ತಯಾರಿತ್ತು. ಉಳಿದರ್ಧಕ್ಕೆ ಸೂಜಿ ತಾಗಿಸಿದರೆ ಬೆಣ್ಣೆಯಲ್ಲಿ ಹೋದಂತೆ ಹೋಗುತ್ತಿತ್ತು. ಒಳಗಿನಿಂದ ಸಣ್ಣ ಪುಡಿ ಉದುರುತ್ತಿತ್ತು. ಓಹೋ, ಕಾಫಿಪುಡಿ ಇಲ್ಲಿಂದಲೇ ಶುರುವಾಗುತ್ತದೆ ಎಂದುಕೊಂಡೆ! ಒಂದೆಳೆ ಬೀಟ್‌ರೂಟ್ ರಸದಲ್ಲಿ ಅದ್ದಿದೆ, ಇನ್ನೊಂದೆಳೆ ಅರಿಶಿನದಲ್ಲಿ. ಸರ ಸಿದ್ಧವಾಯಿತು. ದಾರ ತೂತುಗಳನ್ನು ಮುಚ್ಚಿದ್ದರಿಂದ ಯಾರಿಗೂ ಏನೂ ಕಾಣುವಂತಿರಲಿಲ್ಲ.

ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಬೀಜ ಮಿಕ್ಕಿತ್ತು. ನಿಶ್ಚಿತಾರ್ಥಕ್ಕೆ ಬರುವ ಹೆಂಗಸರಿಗೆಲ್ಲ ಒಂದೊಂದು ಜೊತೆ ಓಲೆ ಮಾಡಿ, ಮುತ್ತುಗದ ಎಲೆಯಲ್ಲಿ ಸುತ್ತಿ, ಬಾಳೆನಾರಿನಲ್ಲಿ ಕಟ್ಟಿದೆ. ಬರುವವರೆಲ್ಲ ಮೂಡಿಗೆರೆ, ಕಳಸ, ಹೊರನಾಡಿನ ಸುತ್ತಲಿನ ಪ್ಲಾಂಟರ್ ಮನೆಯವರು. ಅಂದರೆ, ಒಂದೊಂದು ತೋಟಕ್ಕೆ ಒಂದೊಂದು ಪೊಟ್ಟಣ. ಶತ್ರುದೇಶದವರು ಕೂಡ ಇಷ್ಟು ಅಚ್ಚುಕಟ್ಟಾದ ವಿತರಣಾ ವ್ಯವಸ್ಥೆ ಮಾಡುತ್ತಿರಲಿಲ್ಲ.

ನಿಶ್ಚಿತಾರ್ಥ ನಡೆದದ್ದು ರುದ್ರೇಗೌಡರ ತೋಟದಲ್ಲಿ. ಕಾಫಿ ಒಣಗಿಸುವ ಅವರ ಕಣ ದೊಡ್ಡದು, ಕೊಯ್ಲು ಮುಗಿದು ಖಾಲಿಯಿತ್ತು. ಅಲ್ಲೇ ಚಪ್ಪರ ಹಾಕಿಸಿದ್ದರು. ಹಿಂದಿನ ಸಂಜೆಯಷ್ಟೇ, ಕಾಫಿ ಗಿಡ ಹೂ ಬಿಡಲು ಎಲ್ಲರೂ ಕಾಯುವ ಹೂಮಳೆ ಬಿದ್ದಿತ್ತು. ಬಂದವರೆಲ್ಲ ಗೆಲುವಾಗಿದ್ದರು. ಗೇಟಿನಲ್ಲಿ ರುದ್ರೇಗೌಡರು ಸ್ವತಃ ನಿಂತು ನಮ್ಮ ಜೀಪಿನ ಹಿಂಭಾಗ ಇಣುಕಿ ನೋಡಿ, "ಚೀಲ ಗೀಲ ಎಂಥದೂ ಇಲ್ಲ ಅಲ್ವಾ?" ಎಂದರು.

"ಇಲ್ಲ ಗೌಡ್ರೆ, ಮಾತು ಅಂದ್ರೆ ಮಾತು" ಎಂದರು ನಾಗೇಶ ಭಾವ ಹೆಮ್ಮೆಯಿಂದ.

ನಾನು ತೊಡೆಯ ಮೇಲಿದ್ದ ಬುಟ್ಟಿಯನ್ನು ಪ್ರೀತಿಯಿಂದ ಸವರಿದೆ.

ಚೈತ್ರ ಅಜ್ಜಿಯ ಅವಲಕ್ಕಿ ಸರವನ್ನು ತೆಗೆದು ಸುಮಿತ್ರಳ ಕೈಗಿಟ್ಟು, ನನ್ನ ಸರ ಹಾಕಿಕೊಂಡು ಬಂದು ಕುಳಿತಳು. ಚೆನ್ನಾಗಿಯೇ ಕಾಣುತ್ತಿತ್ತು, ಸುಳ್ಳೇಕೆ ಹೇಳಲಿ! ನಾನು ಹೆಂಗಸರ ಸಾಲಿನಲ್ಲಿ ಓಡಾಡಿ ಪೊಟ್ಟಣ ಹಂಚಿದೆ. ಮಳೆಯ ತೇವ, ಪಕ್ಕದ ಒಲೆಗಳ ಹಬೆ, ಚಪ್ಪರದ ಸೆಕೆ ಎಲ್ಲ ಸೇರಿ ಚೈತ್ರಳ ಕತ್ತು ಬೆವರತೊಡಗಿತು. ಬೀಟ್‌ರೂಟ್ ಕರಗಿತು. ಸುಹಾಸನ ಅಜ್ಜಿ ಗಾಬರಿಯಿಂದ, "ಅಯ್ಯೋ, ಹುಡುಗಿ ಕತ್ತಿಗೆ ಎಂಥ ತಾಗಿದ್ದು ಮಾರಾಯ್ತಿ, ರಕ್ತ ಬರ್ತಾ ಇದೆ!" ಎಂದರು.

"ರಕ್ತ ಅಲ್ಲಜ್ಜಿ, ಬೀಟ್‌ರೂಟ್!" ಎಂದೆ ನಾನು.

"ಬೀಟ್‌ರೂಟ್ ಯಾಕೆ ಕತ್ತಲ್ಲಿದೆ?" ಎಂದರು ಅಜ್ಜಿ.

ನ್ಯಾಯವಾದ ಪ್ರಶ್ನೆ. ಸಾರ್ವಜನಿಕರಿಗೆ ಸೂಕ್ತ ವಿವರಣೆ ನೀಡುವುದು ನನ್ನ ಕರ್ತವ್ಯವೆಂದು ಭಾವಿಸಿ ಎದ್ದು ನಿಂತೆ. ಸುಮಿತ್ರ ಜುಬ್ಬದ ಚುಂಗು ಹಿಡಿದು ಎಳೆದಳು. ನಾನು ಕೂರಲಿಲ್ಲ.

"ಆತ್ಮೀಯ ಬಂಧುಗಳೇ! ವಧು ಧರಿಸಿರುವ ಸದರಿ ಸರ ಪರಿಸರಸ್ನೇಹಿಯಾಗಿರುತ್ತದೆ. ಇದಕ್ಕಾಗಿ ಗುಡ್ಡ ಅಗೆದಿಲ್ಲ, ರಾಸಾಯನಿಕ ಬಳಸಿಲ್ಲ. ನಾಗೇಶ ಭಾವನವರ ಉಗ್ರಾಣದ ಮೂಲೆಯಲ್ಲಿ ಬಿಸಾಡಲು ಇಟ್ಟಿದ್ದ ಕಾಫಿ ಕಾಯಿಯನ್ನು ಬಳಸಿಕೊಳ್ಳಲಾಗಿದೆ." ಇಲ್ಲಿ ನಾಗೇಶ ಭಾವನ ಮುಖ ಬಿಳಿಚಿತು. ಅಭಿಮಾನದಿಂದ ಎಂದುಕೊಂಡು ಮುಂದುವರಿಸಿದೆ. "ಎಲ್ಲಕ್ಕಿಂತ ವಿಶೇಷವೆಂದರೆ, ಈ ಬೀಜಗಳ ತೂತನ್ನು ಸಹ ನಾವು ಕೊರೆದಿಲ್ಲ. ಪ್ರಕೃತಿಯೇ ಕೊರೆದುಕೊಟ್ಟಿದೆ!"

ಚಪ್ಪಾಳೆ ನಿರೀಕ್ಷಿಸಿ ನಿಂತೆ. ಕಣದಲ್ಲಿದ್ದ ಅಷ್ಟೂ ಪ್ಲಾಂಟರುಗಳು ಒಮ್ಮೆಲೇ ಕಾಫಿ ಲೋಟ ಕೆಳಗಿಟ್ಟರು. ಆ ಶಬ್ದವೊಂದೇ ಕೇಳಿಸಿತು.

ರುದ್ರೇಗೌಡರು ನಿಧಾನವಾಗಿ ಎದ್ದರು. "ತೂತು ಯಾರು ಕೊರ್ದಿದ್ದು ಅಂದ್ರಿ?"

"ಪ್ರಕೃತಿ."

"ಆ ಪ್ರಕೃತಿಗೆ ಕಾಲು ಎಷ್ಟಿತ್ತು ಮಾರಾಯ್ರೆ?"

ನಾನು ಉತ್ತರ ಹುಡುಕುತ್ತಿರುವಾಗಲೇ ಚೈತ್ರಳ ಭುಜದ ಮೇಲೆ ಅರಿಶಿನ ಬಣ್ಣದ ಬೀಜವೊಂದರಿಂದ ಎಳ್ಳುಕಾಳಿನಂಥದ್ದೊಂದು ಹೊರಬಂದು, ಬೀಟ್‌ರೂಟ್ ಕೆಂಪು ದಾಟಿ, ನಡೆಯತೊಡಗಿತು. ಅದಕ್ಕೆ ಕಾಲುಗಳಿದ್ದವು.

"ಬೋರರ್!" ಎಂದು ಯಾರೋ ಕೂಗಿದರು. ಹಾವು ಎಂದಿದ್ದರೂ ಜನ ಅಷ್ಟು ಬೇಗ ಏಳುತ್ತಿರಲಿಲ್ಲ! ಹೆಂಗಸರು ಪೊಟ್ಟಣಗಳನ್ನು ಕೆಂಡ ಮುಟ್ಟಿದಂತೆ ನೆಲಕ್ಕೆ ಹಾಕಿದರು. "ಹಾಕ್ಬೇಡಿ, ಹಾಕ್ಬೇಡಿ! ಕಣದಲ್ಲಿ ಹಾಕ್ಬೇಡಿ!" ಎಂದು ರುದ್ರೇಗೌಡರು ಕೂಗಿದರು. ಚೈತ್ರ ಸರ ಕಿತ್ತು ಹಿಡಿದುಕೊಂಡು ಎಲ್ಲಿಗೆ ಎಸೆಯಬೇಕೆಂದು ತಿಳಿಯದೆ ನಿಂತಳು. ನಾಗೇಶ ಭಾವ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು, "ಆ ಚೀಲ ಬಿಸಿನೀರಿಗೆ ಹಾಕಕ್ಕೆ ಇಟ್ಟಿದ್ದು ಭಾವ! ಅದನ್ನ ಇಲ್ಲಿಗೆ ತಂದ್ರಾ? ಇವರ ಮನೆಗೆ? ನಾನು ಮಾತು ಕೊಟ್ಟಿದ್ದೆ ಭಾವ!" ಎಂದರು.

ಸುಮಿತ್ರ ಏನೂ ಹೇಳಲಿಲ್ಲ. ನನ್ನ ಇಡೀ ವೈವಾಹಿಕ ಜೀವನದಲ್ಲಿ ಅವಳು ಏನೂ ಹೇಳದಿದ್ದದ್ದು ಅದೇ ಮೊದಲು.

ಮುಂದಿನ ಕ್ರಮಗಳನ್ನು ರುದ್ರೇಗೌಡರು ಯುದ್ಧಕಾಲದ ಸೇನಾಪತಿಯಂತೆ ಕೈಗೊಂಡರು. ಅನ್ನಕ್ಕೆ ಕುದಿಯುತ್ತಿದ್ದ ದೊಡ್ಡ ಹಂಡೆಯ ನೀರಿಗೆ ಮೊದಲು ಸರ ಹೋಯಿತು. ನಂತರ ಪೊಟ್ಟಣಗಳು. ನಂತರ ನನ್ನ ಬುಟ್ಟಿ. ಕೊನೆಗೆ ಎಲ್ಲರ ದೃಷ್ಟಿ ನನ್ನ ಜುಬ್ಬದ ಜೇಬಿನ ಮೇಲೆ ಬಿತ್ತು.

"ಜೇಬಲ್ಲಿ ಎಂಥ ಇದೆ?"

"ನಾಲ್ಕಾರು ಬೀಜ. ದಾರ ಹರಿದರೆ ಇರಲಿ ಎಂದು..."

ಜುಬ್ಬವೂ ಹಂಡೆಗೆ ಹೋಯಿತು. ಪಂಚೆಯ ಮೇಲೂ ಅನುಮಾನ ವ್ಯಕ್ತವಾದ್ದರಿಂದ ಅದೂ ಹೋಯಿತು. ರುದ್ರೇಗೌಡರು ಆಜಾನುಬಾಹು. ಅವರ ಮನೆಯಿಂದ ಕೊಟ್ಟ ಪಂಚೆ ಉಟ್ಟು, ಅವರ ಶರ್ಟಿನೊಳಗೆ ಕೈಗಳನ್ನು ಹುಡುಕುತ್ತ ನಾನು ಹಂಡೆಯ ಪಕ್ಕ ನಿಂತೆ. ನನ್ನ ಜುಬ್ಬ ಬೀಟ್‌ರೂಟ್ ನೀರಿನಲ್ಲಿ ಉಬ್ಬಿ, ಮುಳುಗಿ, ಮತ್ತೆ ಉಬ್ಬಿತು.

ಆಗ ಅಜ್ಜಿ ಹೇಳಿದರು. "ಹೊರನಾಡಿನವ್ರು ಇನ್ನೊಂದು ಮನೆ ಫಂಕ್ಷನ್ ಇದೆ ಅಂತ ಭಾಷಣಕ್ಕೆ ಮೊದ್ಲೇ ಹೊರಟ್ರಲ್ಲ. ಅವ್ರ ಹತ್ರ ಪೊಟ್ಟಣ ಇತ್ತು."

ನಾಗೇಶ ಭಾವ ಜೀಪು ಹತ್ತಿದರು. ನಾನೂ ಹತ್ತಿದೆ, ಆ ಕಣದಲ್ಲಿ ನಿಲ್ಲುವುದಕ್ಕಿಂತ ಎಲ್ಲಿಗೆ ಹೋದರೂ ಸರಿಯೆನಿಸಿತ್ತು. ದಾರಿಯುದ್ದಕ್ಕೂ ಭಾವನ ಬದಲು ಜೀಪಿನ ಗೇರೇ ನನ್ನನ್ನು ಬೈಯುತ್ತಿತ್ತು. ಕಳಸ ದಾಟಿ ತಿರುವಿನಲ್ಲಿ ಅವರ ಕಾರು ಸಿಕ್ಕಿತು. ಅಡ್ಡ ಹಾಕಿದೆವು. ಒಳಗಿದ್ದ ಹೆಂಗಸು ಆಗಲೇ ಓಲೆ ಹಾಕಿಕೊಂಡು ಕನ್ನಡಿ ನೋಡಿಕೊಳ್ಳುತ್ತಿದ್ದರು.

"ಅಮ್ಮಾ, ದಯವಿಟ್ಟು ಆ ಓಲೆ ವಾಪಸ್ ಕೊಡಬೇಕು" ಎಂದು ಕೈಮುಗಿದೆ.

ಅವರು ನನ್ನ ಪಂಚೆಯಿಂದ ಶರ್ಟಿನವರೆಗೆ ನೋಡಿದರು. "ಗಿಫ್ಟ್ ಕೊಟ್ಟು, ಗಾಡಿ ಅಡ್ಡ ಹಾಕಿ ವಾಪಸ್ ಕೇಳೋರ್ನ ಇದೇ ಮೊದಲು ನೋಡಿದ್ದು. ಅಷ್ಟು ಆಸೆ ಇದ್ರೆ ಕೊಟ್ಟಿದ್ದಾದ್ರೂ ಯಾಕೆ?"

"ಆಸೆಯಲ್ಲಮ್ಮ, ಅದರಲ್ಲಿ ಬೋರರ್ ಇದೆ."

ಓಲೆಗಳು ಎಷ್ಟು ವೇಗವಾಗಿ ಬಂದವೆಂದರೆ ಒಂದು ನನ್ನ ಹಣೆಗೆ ಬಡಿಯಿತು. ಅದನ್ನು ನೆಲದಿಂದ ಹೆಕ್ಕಿ, ನೀರಿನ ಬಾಟಲಿಯೊಳಗೆ ಹಾಕಿ ಮುಚ್ಚಳ ಬಿಗಿದು ತಂದೆವು.

ಮರಳಿ ಬಂದಾಗ ಕಣದಲ್ಲಿ ಜಮಖಾನೆ ಕೊಡವುತ್ತಿದ್ದರು. ಮುಹೂರ್ತ ಮೀರುತ್ತ ಬಂದಿತ್ತು. ಚೈತ್ರ ಹಿಂದಿನ ನೀರಿನ ತೊಟ್ಟಿಯ ಹತ್ತಿರ ಕತ್ತು ತೊಳೆಯುತ್ತಿದ್ದಳು. ಬಣ್ಣ ಹೋಗಿತ್ತು, ಆದರೂ ತೊಳೆಯುತ್ತಿದ್ದಳು. ನಾನು ಹತ್ತಿರ ಹೋಗಿ, "ಚೈತ್ರ, ನನ್ನಿಂದ ದೊಡ್ಡ ತಪ್ಪಾಗಿದೆ" ಎಂದೆ. ಕಚೇರಿಯಲ್ಲಿ ಅದೆಷ್ಟೋ ಜನರ ಪರವಾಗಿ ಕ್ಷಮಾಪಣೆ ಪತ್ರ ಬರೆದುಕೊಟ್ಟಿದ್ದೇನೆ. ನನ್ನದು ಅಷ್ಟಕ್ಕೇ ನಿಂತುಹೋಯಿತು.

ಅವಳು ಮುಖ ಒರೆಸಿಕೊಂಡಳು. "ಅವ್ರ ಮನೆಯವ್ರು ಈ ಮದುವೆ ಬೇಡ ಅಂದ್ರೆ ಏನು ಮಾಡ್ಲಿ ಮಾವ?"

 ನಾನು ರುದ್ರೇಗೌಡರ ಶರ್ಟಿನ ಉದ್ದವಾದ ತೋಳುಗಳನ್ನು ಮಡಿಸುತ್ತ ನಿಂತೆ.

ಆಗ ಸುಹಾಸ ಬಂದ. ಅವಳ ಭುಜದ ಮೇಲಿದ್ದ ಆ ಹುಳುವನ್ನು ಅವನೇ ಹಿಡಿದು ಬಿಸಿನೀರಿಗೆ ಹಾಕಿದ್ದನಂತೆ. ಕಣದಲ್ಲಿ ನಿಂತಿದ್ದ ಅಪ್ಪನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದ. "ಅಪ್ಪ, ಹುಳನೂ ಕುದ್ದಾಯ್ತು, ಜುಬ್ಬನೂ ಕುದ್ದಾಯ್ತು. ಇನ್ನು ಹುಡುಗೀನ ಕುದಿಸಕ್ಕಾಗುತ್ತಾ? ಉಂಗುರ ಕೊಡಿ."

ರುದ್ರೇಗೌಡರು ತಮ್ಮ ತೋಟದ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ; ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಮನೆಯೊಳಗೆ ಕಳ್ಳ ಹೊಕ್ಕನೋ ಇಲ್ಲವೋ ಎಂದು ತಿಳಿಯದವರ ನೋಟ ಅದು. ಕೊನೆಗೆ ಜೇಬಿನಿಂದ ಉಂಗುರ ತೆಗೆದರು. "ಹುಡುಗಿ ಬರ್ಲಿ ಅಂದಿದ್ದೆ. ಆ ಮಾತು ಹಾಗೇ ಇದೆ. ನಾಗೇಶಣ್ಣ, ನಿಮ್ಮ ಮಾತೂ ತಪ್ಪಿಲ್ಲ, ನಿಮಗೆ ಗೊತ್ತಿರ್ಲಿಲ್ಲ." ನಂತರ ನನ್ನತ್ತ ತಿರುಗಿದರು. "ನೀವು ಮಾತ್ರ ಮದುವೆಗೆ ಬರೀ ಕೈಯಲ್ಲಿ ಬನ್ನಿ. ಅಕ್ಷತೆ ಕಾಳೂ ತರ್ಬೇಡಿ, ಇಲ್ಲೇ ಕೊಡ್ತೀವಿ."

ಸುಮಿತ್ರ ಅವಲಕ್ಕಿ ಸರವನ್ನು ಚೈತ್ರಳ ಕತ್ತಿಗೆ ಹಾಕಿದಳು. ಅಷ್ಟು ಜನ ಹಾಕಿ, ತೆಗೆದು, ಮತ್ತೆ ಹಾಕಿದ ಚಿನ್ನ ಅದು. ಹೊಸದಾಗಿ ಏನನ್ನೂ ಅಗೆದಿರಲಿಲ್ಲ, ಕರಗಿಸಿರಲಿಲ್ಲ, ಕೊರೆದಿರಲಿಲ್ಲ. ಚಿಕ್ಕಮಗಳೂರಿನ ಆ ಮಹಿಳೆ "ಎಲ್ಲಕ್ಕಿಂತ ಒಳ್ಳೆಯದು ಯಾವುದು ಗೊತ್ತಾ?" ಎಂದು ಕೇಳಿ ಏನು ಹೇಳಿರಬಹುದೆಂಬುದು ನನಗೆ ಅದನ್ನು ನೋಡುತ್ತ ಹೊಳೆಯಿತು. ಬಸ್ಸು ತಪ್ಪಿದ್ದರೂ ಪರವಾಗಿರಲಿಲ್ಲ, ಕುಳಿತಿರಬೇಕಾಗಿತ್ತು.

ಹುಳು ಹೊರಬಂದ ಮೇಲೆ ಸುಮಿತ್ರ ಬಾಯಿ ತೆರೆದದ್ದು ಆಗಲೇ. "ಬೀರುವಿನ ಬೀಗ ತೆಗೆದ್ರೆ ಸಾಕು ಅಂದಿದ್ದೆ."

ಮದುವೆ ಸುಸೂತ್ರವಾಗಿ ನಡೆಯಿತು. ಗೇಟಿನಲ್ಲಿ ರುದ್ರೇಗೌಡರು ನನ್ನನ್ನು ಅಪ್ಪಿಕೊಂಡು ಸ್ವಾಗತಿಸಿದರು. ಅಪ್ಪಿಕೊಳ್ಳುವಾಗ ಎರಡೂ ಜೇಬುಗಳನ್ನು ಮುಟ್ಟಿ ನೋಡಿದರೆಂಬುದನ್ನು ನಾನು ಯಾರಿಗೂ ಹೇಳಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಎಲ್ಲರೂ ನೋಡುತ್ತಿದ್ದರು. ಕಣದ ಸುತ್ತಲಿನ ಗಿಡಗಳಲ್ಲಿ ಹುಳು ಹಿಡಿಯುವ ಬಲೆಡಬ್ಬಿಗಳು ತೂಗುತ್ತಿದ್ದವು. ಮದುವೆಯ ಅಲಂಕಾರವೆಂದು ಕೆಲವರು ಅವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಆ ಡಬ್ಬಿಗಳು ಯಾರ ಗೌರವಾರ್ಥ ತೂಗುತ್ತಿವೆ ಎಂಬುದು ನನಗೆ ಗೊತ್ತಿತ್ತು. ನಾನು ದೂರದ ಮೂಲೆಯಲ್ಲಿ ಊಟಕ್ಕೆ ಕುಳಿತೆ.

ಎಲ್ಲವೂ ಮುಗಿಯಿತು, ಇನ್ನು ಈ ಕಡತವನ್ನು ಮುಕ್ತಾಯಗೊಳಿಸಬಹುದು ಎಂದು ನಾನು ಸಮಾಧಾನಪಟ್ಟುಕೊಂಡಿದ್ದಾಗ ಒಂದು ಬೆಳಿಗ್ಗೆ ರುದ್ರೇಗೌಡರ ಫೋನ್ ಬಂತು. ದನಿ ಮೃದುವಾಗಿತ್ತು. ಕುಶಲ ವಿಚಾರಿಸಿದರು. ಚೈತ್ರ ಚೆನ್ನಾಗಿದ್ದಾಳೆ, ತೋಟದ ಕೆಲಸವನ್ನೆಲ್ಲ ನೋಡಿಕೊಳ್ಳುತ್ತಿದ್ದಾಳೆ, ಡಬ್ಬಿಗಳನ್ನು ಈಗ ಅವಳೇ ಪರೀಕ್ಷಿಸುತ್ತಾಳೆ ಎಂದರು. ನನ್ನ ಮನಸ್ಸು ಹಗುರಾಯಿತು.

"ಬಹಳ ಸಂತೋಷ ಗೌಡ್ರೆ. ಏನಾದರೂ ವಿಶೇಷವೇ?"

"ವಿಶೇಷ ಎಂಥದೂ ಇಲ್ಲ ಮಾರಾಯ್ರೆ. ಮದುವೆ ಮುಗಿದು ಇಷ್ಟು ದಿನ ಆಯ್ತು, ಹೆಣ್ಣಿನ ಕಡೆಯವ್ರು ಎಲ್ಲ ಹೊರಟ್ರು ಅಂದ್ಕೊಂಡಿದ್ದೆ. ಇವತ್ತು ಬೆಳಿಗ್ಗೆ ನೋಡಿದ್ರೆ ಡಬ್ಬಿಯೊಳಗೆ ಇಬ್ರು ಕೂತಿದಾರೆ. ನೀವೇ ಕರ್ಕೊಂಡು ಬಂದಿದ್ದಲ್ವಾ, ಒಂದ್ಸಲ ಬಂದು ಗುರುತು ಹಿಡಿದು ಕರ್ಕೊಂಡು ಹೋಗಿ."

ಫೋನ್ ಇಟ್ಟೆ. ಅಡುಗೆಮನೆಯಿಂದ ಸುಮಿತ್ರ, "ಯಾರ್ರೀ ಫೋನು?" ಎಂದಳು.

"ಬೀಗರು. ನನ್ನನ್ನು ಕರೆಯುತ್ತಿದ್ದಾರೆ" ಎಂದೆ.

ಒಲೆ ಹಚ್ಚಿದ ಸದ್ದು ಕೇಳಿಸಿತು. ನಂತರ ನೀರು ಸುರಿದ ಸದ್ದು.

"ಹೋಗೋ ಮೊದಲು ಆ ಜುಬ್ಬ ಬಿಚ್ಚಿ ಇಲ್ಲಿ ಕೊಡಿ" ಎಂದಳು.